ವಾರ್ಡಿನಿಂದ ಹೊರಬೀಳುತ್ತಿರುವ ಪಾದರಸ

ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿರುವ ಪಾದರಸ ಹೆಚ್ಚುಕಡಿಮೆ 1 ಗ್ರಾಂ. ಮರದ ಅಥವಾ ಲೋಹದ ಪೆಟ್ಟಿಗೆಯಲ್ಲಿ ಬರುವ ಹಳೆಯ ಬಿ.ಪಿ. ಉಪಕರಣದಲ್ಲಿ ಅದರ ನೂರು ಪಟ್ಟು. ಗಾಜು ಒಡೆಯದಿರುವ ತನಕ ಇದರಿಂದ ರೋಗಿಗಾಗಲಿ ನರ್ಸಿಗಾಗಲಿ ತೊಂದರೆಯಿಲ್ಲ. ಆದರೆ ಥರ್ಮಾಮೀಟರ್ ಎಂದರೆ ದಿನಕ್ಕೆ ಹತ್ತಾರು ಸಲ ಕೊಡವಿಸಿಕೊಂಡು, ತೊಳೆಸಿಕೊಂಡು, ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ಹೋಗುವ ವಸ್ತು. ಒಡೆಯದೆ ಬಹುಕಾಲ ಉಳಿದರೇ ಆಶ್ಚರ್ಯ.

ಒಡೆದಾಗ ಪಾದರಸ ಸಣ್ಣ ಸಣ್ಣ ಮಣಿಗಳಾಗಿ ಚೆಲ್ಲಿ ಮಂಚದಡಿಗೆ, ಟೈಲ್ಸ್ ಸಂದಿಗೆ ಉರುಳಿ ಸೇರಿಕೊಳ್ಳುತ್ತದೆ. ಅಲ್ಲಿಂದ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುತ್ತ ಹೋಗುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಗು ಪಾದರಸ ನುಂಗಿತೆಂದರೆ ಮನೆಮಂದಿ ಹೌಹಾರುತ್ತಾರೆ. ನಿಜವಾಗಿ, ನುಂಗಿದ ದ್ರವ ಪಾದರಸದ ಬಹುಪಾಲು ಕರುಳಿನಿಂದ ಹಾಗೆಯೇ ಹೊರಹೋಗುತ್ತದೆ. ಭಯಪಡಬೇಕಾದದ್ದು ಉಸಿರಿಗೆ. ಒಳಗೆಳೆದುಕೊಂಡ ಆವಿಯ ಸುಮಾರು ಶೇ 80 ಭಾಗ ಶ್ವಾಸಕೋಶದಿಂದ ನೇರ ರಕ್ತಕ್ಕೆ ಇಳಿದು ಮೆದುಳು, ಮೂತ್ರಪಿಂಡಗಳನ್ನು ಮುಟ್ಟುತ್ತದೆ. ಬಹುಕಾಲ ಹೀಗೆ ಉಸಿರಾಡಿದವರಲ್ಲಿ ಕೈನಡುಕ, ಮರೆವು, ನಿದ್ರೆಗೇಡು, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳುತ್ತವೆ.

ಚೆಲ್ಲಿದ ಪಾದರಸವನ್ನು ಪೊರಕೆಯಿಂದ ಗುಡಿಸಬಾರದು. ಮಣಿಗಳು ಇನ್ನಷ್ಟು ಒಡೆದು ಹರಡುತ್ತವೆ. ಕಿಟಕಿ ತೆರೆದು, ಕೈಗವಸು ತೊಟ್ಟು, ಗಟ್ಟಿ ಕಾಗದದ ಎರಡು ತುಂಡುಗಳಿಂದ ಮಣಿಗಳನ್ನು ಒಟ್ಟುಗೂಡಿಸಿ, ಮುಚ್ಚಳ ಬಿಗಿಯಾದ ಬಾಟಲಿಗೆ ತುಂಬಬೇಕು. ಉಳಿದ ಚೂರುಗಳಿಗೆ ಅಂಟುಪಟ್ಟಿ. ಅದಕ್ಕೂ ಮೊದಲು ಬಳೆ, ಉಂಗುರ ತೆಗೆದಿಡಬೇಕು: ಪಾದರಸ ತಾಗಿದ ಚಿನ್ನ ಅದರೊಂದಿಗೆ ಬೆರೆತು ಬೆಳ್ಳಗಾಗುತ್ತದೆ.

ಇಷ್ಟು ತಾಪತ್ರಯದ ಲೋಹವನ್ನು ವೈದ್ಯರು ನೆಚ್ಚಿಕೊಂಡದ್ದಕ್ಕೆ ಕಾರಣವಿದೆ. ಕಾವಿಗೆ ಅದು ಒಂದೇ ಹದದಲ್ಲಿ ಹಿಗ್ಗುತ್ತದೆ, ಗಾಜಿಗೆ ಅಂಟುವುದಿಲ್ಲ. ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ ರಕ್ತದೊತ್ತಡವನ್ನು ಗಿಡ್ಡ ಕೊಳವೆಯಲ್ಲಿ ಅಳೆಯಬಹುದು. 120 ಮಿಲಿಮೀಟರ್ ಪಾದರಸವನ್ನು ಎತ್ತುವ ಒತ್ತಡ ನೀರನ್ನು ಐದಡಿಗೂ ಮೇಲೆ ಎತ್ತುತ್ತದೆ. ಅಂಥ ಕೊಳವೆ ಹೊತ್ತು ಯಾವ ಡಾಕ್ಟರೂ ಮನೆಮನೆಗೆ ಹೋಗಲಾರರು. 1896ರಲ್ಲಿ ಇಟಲಿಯ ಸಿಪಿಯೋನೆ ರಿವಾ-ರೊಚ್ಚಿ ರೂಪಿಸಿದ ತೋಳಪಟ್ಟಿಯ ಉಪಕರಣ ಒಂದು ಶತಮಾನ ಕಾಲ ಆಸ್ಪತ್ರೆಗಳನ್ನು ಆಳಿತು.

ಈ ಉಪಕರಣಗಳನ್ನು ತಯಾರಿಸುವಲ್ಲಿನ ಅಪಾಯವನ್ನು ಭಾರತಕ್ಕೆ ತೋರಿಸಿದ್ದು ಕೊಡೈಕೆನಾಲ್. ಅಮೆರಿಕದಿಂದ ಕಿತ್ತು ತಂದು 1980ರ ದಶಕದಲ್ಲಿ ಅಲ್ಲಿ ನೆಲೆಗೊಳಿಸಿದ ಥರ್ಮಾಮೀಟರ್ ಕಾರ್ಖಾನೆಯನ್ನು ಹಿಂದೂಸ್ತಾನ್ ಲಿವರ್ ನಡೆಸುತ್ತಿತ್ತು. 2001ರಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಒಡೆದ ಗಾಜು ಟನ್‌ಗಟ್ಟಲೆ ಸಿಕ್ಕಿತು. ಅದೇ ವರ್ಷ ಕಾರ್ಖಾನೆ ಬಾಗಿಲು ಹಾಕಿತು. 2003ರಲ್ಲಿ ಸುಮಾರು 290 ಟನ್ ಕಸ ಹಡಗೇರಿ ಅಮೆರಿಕಕ್ಕೇ ಮರಳಿತು.

ಪಾದರಸಕ್ಕೆ ಕಡಿವಾಣ ಹಾಕುವ ಜಾಗತಿಕ ಒಪ್ಪಂದಕ್ಕೆ ಹೆಸರು ಕೊಟ್ಟದ್ದು ಜಪಾನಿನ ಮಿನಾಮಾಟಾ; ಅಲ್ಲಿ ವಿಷ ಬಂದದ್ದು ರಾಸಾಯನಿಕ ಕಾರ್ಖಾನೆಯ ನೀರಿನಿಂದ, ಮೀನಿನ ಮೂಲಕ. 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಆ ಒಪ್ಪಂದ, ಪಾದರಸದ ಥರ್ಮಾಮೀಟರ್ ಮತ್ತು ಬಿ.ಪಿ. ಉಪಕರಣಗಳ ತಯಾರಿಕೆ, ಆಮದು, ರಫ್ತಿಗೆ 2020ರ ಗಡುವು ಹಾಕಿತು. ಕೇಳಿಕೊಂಡ ದೇಶಗಳಿಗೆ ಕಾಲಾವಕಾಶವನ್ನೂ ಇಟ್ಟಿತು. ಭಾರತ 2018ರಲ್ಲಿ ಇದನ್ನು ಅನುಮೋದಿಸಿತು.

ಬದಲಿಗೆ ಬಂದಿರುವುದು ಡಿಜಿಟಲ್ ಥರ್ಮಾಮೀಟರ್, ಮುಳ್ಳಿನ ಡಯಲ್ ಇರುವ ಬಿ.ಪಿ. ಉಪಕರಣ ಮತ್ತು ಬ್ಯಾಟರಿಯವು. ಪಾದರಸದಷ್ಟು ನಿಖರವಲ್ಲ ಎಂಬ ಹಿರಿಯ ವೈದ್ಯರ ಗೊಣಗಾಟ ಪೂರ್ತಿ ಸುಳ್ಳಲ್ಲ: ಡಯಲ್ ಉಪಕರಣ ಒಂದು ಸಲ ನೆಲಕ್ಕೆ ಬಿದ್ದರೆ ಸಾಕು, ಮುಳ್ಳು ಸೊನ್ನೆಯಿಂದ ಸರಿದುಬಿಡಬಹುದು. ನಿಯಮಿತವಾಗಿ ತಾಳೆ ನೋಡಿದರೆ ಲೆಕ್ಕ ತಪ್ಪದು. ಆ ಕೆಲಸವೇ ಎಷ್ಟೋ ಕಡೆ ನಡೆಯುವುದಿಲ್ಲ.

ಹೊಸದನ್ನು ಕೊಂಡರಾಯಿತು ಎನ್ನುವಂತೆಯೂ ಇಲ್ಲ. ಹಳೆಯವು ಸ್ಟೋರ್ ರೂಮಿನ ಕಪಾಟಿನಲ್ಲೇ ಉಳಿಯುತ್ತವೆ. ಅವನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕುವುದು ದೊಡ್ಡ ತಪ್ಪು. ಆ ಚೀಲ ಹೋಗುವುದು ಸುಡುವ ಕುಲುಮೆಗೆ, ಪಾದರಸ ಹೋಗುವುದು ಚಿಮಣಿಯಿಂದ ಊರಿನ ಗಾಳಿಗೆ. ಬೇರೆಯೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ನಿರ್ವಹಿಸುವ ಪರವಾನಗಿ ಇರುವವರಿಗೇ ಒಪ್ಪಿಸಬೇಕು.

ಹಲ್ಲಿನ ಡಾಕ್ಟರ ಕೋಣೆಯಲ್ಲಿ ಇನ್ನೊಂದು ದಾಸ್ತಾನಿದೆ. ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಬಣ್ಣದ ಅಮಾಲ್ಗಮ್‌ನಲ್ಲಿ ಅರ್ಧದಷ್ಟು ಪಾದರಸವೇ. ಹದಿನೈದು ತುಂಬದ ಮಕ್ಕಳಿಗೆ, ಬಸುರಿ ಮತ್ತು ಬಾಣಂತಿಯರಿಗೆ, ತೀರಾ ಅಗತ್ಯವೆಂದು ದಂತವೈದ್ಯರು ಕಂಡುಕೊಂಡ ಹೊರತು, ಇದನ್ನು ಬಳಸಬಾರದೆಂದು 2022ರಲ್ಲಿ ಒಪ್ಪಂದದ ದೇಶಗಳು ತೀರ್ಮಾನಿಸಿದವು. ಹಲ್ಲು ಕೊರೆಯುವಾಗ ಉದುರಿದ ಅದರ ಪುಡಿ, ಬಾಯಿ ಮುಕ್ಕಳಿಸಿದ ನೀರಿನೊಂದಿಗೆ ಚರಂಡಿ ಸೇರದಂತೆ ತಡೆಯುವ ಸೋಸುಪೆಟ್ಟಿಗೆಗಳೂ ಇವೆ.