ತುಂಬದ ಗುಂಡಿಯ ಗುಟ್ಟು

"ನಮ್ಮ ಸಂಡಾಸದ ಗುಂಡಿ ಇಪ್ಪತ್ತು ವರ್ಷ ಆತ್ರೀ, ಇನ್ನೂ ತುಂಬಿಲ್ಲ!"

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಹಳೇ ಮನೆ ಮಾರುವವರು ಹೆಮ್ಮೆಯಿಂದ ಆಡುವ ಮಾತಿದು. ಕೊಳ್ಳಲು ಬಂದವರೂ ತಲೆದೂಗುತ್ತಾರೆ. ಖರ್ಚು ಉಳಿಯಿತಲ್ಲ ಎಂಬ ಸಮಾಧಾನ. ಐದಾರು ಮಂದಿ ಇಪ್ಪತ್ತು ವರ್ಷ ಬಳಸಿದ್ದೆಲ್ಲ ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಬಳಸಲು ಶುರುಮಾಡಿದ ಒಂದೆರಡು ವಾರದಲ್ಲೇ ತುಂಬಬೇಕು. ತುಂಬಿಯೇ ಇರಬೇಕು. ಒಳಕ್ಕೆ ಒಂದು ಕೊಡ ನೀರು ಬಂದರೆ ಇನ್ನೊಂದು ತುದಿಯಿಂದ ಒಂದು ಕೊಡ ತಿಳಿನೀರು ಹೊರಗೆ ಹೋಗಬೇಕು. ಹಾಗಾಗಿ ತುಂಬದ ಟ್ಯಾಂಕ್ ಎಂದರೆ ಸೋರುತ್ತಿರುವ ಟ್ಯಾಂಕ್. ಇಲ್ಲವೇ ಅದು ಟ್ಯಾಂಕೇ ಅಲ್ಲ, ತಳವಿಲ್ಲದ ಗುಂಡಿ.

ಇಂಡಿ ತಾಲ್ಲೂಕಿನ ತಾಂಬಾದಂಥ ಊರುಗಳಲ್ಲಿ ಈ ಗುಂಡಿಗಳ ಚರಿತ್ರೆ ಬಹಳ ಹಳೆಯದೇನಲ್ಲ. ತಂಬಿಗೆ ಹಿಡಿದು ಬಯಲಿಗೆ ಹೋಗುವುದೇ ರೂಢಿಯಾಗಿದ್ದ ಕಾಲದಲ್ಲಿ ನೌಕರಿಯವರ, ಉಳ್ಳವರ ಮನೆಯ ಹಿತ್ತಲಲ್ಲಿ ಅಲ್ಲೊಂದು ಇಲ್ಲೊಂದು ಸಂಡಾಸ ಇರುತ್ತಿತ್ತು. 1986ರಲ್ಲಿ ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ, 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಬಂದವು. ಒಂದೊಂದು ಯೋಜನೆಗೂ ಒಂದೊಂದು ನಮೂನೆಯ ಗುಂಡಿ. ಯೋಜನೆಯ ಹಂಗಿಲ್ಲದೆ ಸ್ವಂತ ಖರ್ಚಿನಲ್ಲಿ ಕಟ್ಟಿಸಿದವರು ಗೌಂಡಿಗೆ ಬಿಟ್ಟರು. ಗೌಂಡಿ ತನಗೆ ತಿಳಿದಂತೆ ಕರಿಕಲ್ಲಿನ ಗೋಡೆ ಎಬ್ಬಿಸಿ, ಮೇಲೆ ತಾಳಿಕೋಟಿ ಪರಸಿ ಹೊದಿಸಿ, ಮಣ್ಣು ಎಳೆದು ಕೈತೊಳೆದುಕೊಂಡ. ಕಟ್ಟಿಸಿದ ಹಿರಿಯರು ತೀರಿಕೊಂಡರು, ಗೌಂಡಿಯೂ ಇಲ್ಲ, ನಕಾಶೆ ಎಂಬುದು ಮೊದಲಿನಿಂದಲೂ ಇರಲಿಲ್ಲ. ಈಗ ಆ ಜಾಗದ ಮೇಲೆ ಬೈಕ್ ನಿಲ್ಲುತ್ತದೆ, ಮಕ್ಕಳು ಆಡುತ್ತಾರೆ.

ಈ ವಿಷಯದಲ್ಲಿ ದೋಣಿಯವರು ನಮಗಿಂತ ಜಾಣರು. ಭೀಮಾ ನದಿಯ ಹರಿಗೋಲಿಗೆ ಸಂಡಾಸದ ಗೊಡವೆ ಇಲ್ಲ, ಆದರೆ ಜನ ವಾಸ ಮಾಡುವ ದೋಣಿ-ಹಡಗುಗಳಲ್ಲಿ ಹೊಲಸು ಹಿಡಿದಿಡುವ ಟ್ಯಾಂಕ್ ಇರುತ್ತದೆ. ದಡದಿಂದ 12 ನಾಟಿಕಲ್ ಮೈಲಿ ದಾಟುವವರೆಗೆ ಸಂಸ್ಕರಿಸದ ಮಲವನ್ನು ಕಡಲಿಗೆ ಬಿಡಬಾರದು ಎಂಬ ಅಂತರರಾಷ್ಟ್ರೀಯ ನಿಯಮ 2003ರಿಂದ ಜಾರಿಯಲ್ಲಿದೆ. ಆ ಟ್ಯಾಂಕ್ ಹಿಡಿದಿಡುತ್ತದೆ ಅಷ್ಟೆ, ಏನನ್ನೂ ಕರಗಿಸುವುದಿಲ್ಲ. ತುಂಬಿದಾಗ ಖಾಲಿ ಮಾಡಲೇಬೇಕು. ಮಲಗುವ ಹಲಗೆಯ ಕೆಳಗೇ ಇರುವುದರಿಂದ ಅದು ಎಲ್ಲಿದೆ, ಯಾವುದರಿಂದ ಮಾಡಿದ್ದು, ಯಾವ ಕೊಳವೆ ಯಾವುದಕ್ಕೆ ಸೇರುತ್ತದೆ ಎಂಬುದು ದೋಣಿಯವನಿಗೆ ಬಾಯಿಪಾಠ. ನಮ್ಮ ಇಂಡಿ ರೋಡ್ ನಿಲ್ದಾಣದ ಮೇಲೆ ಹಾಯುವ ರೈಲುಗಳ ಕಥೆ ಬೇರೆ. ಮೊದಲು ಎಲ್ಲವೂ ಹಳಿಯ ಮೇಲೇ ಬೀಳುತ್ತಿತ್ತು. ಈಗ ಬೋಗಿಯ ಕೆಳಗೆ ಡಿಆರ್‌ಡಿಒ ಜೊತೆ ಸೇರಿ ರೂಪಿಸಿದ ಜೈವಿಕ ಟ್ಯಾಂಕ್ ತೂಗುತ್ತಿರುತ್ತದೆ, ಅದರೊಳಗಿನ ಬ್ಯಾಕ್ಟೀರಿಯಾ ಮಲವನ್ನು ನೀರು, ಅನಿಲ ಮಾಡುತ್ತವೆ. ಮನೆಯ ಸೆಪ್ಟಿಕ್ ಟ್ಯಾಂಕ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಸೋಕ್ ಪಿಟ್ ಎನ್ನುವ ಇಂಗುಗುಂಡಿ ಮೂರನೆಯ ಜಾತಿ: ಅದಕ್ಕೆ ತಳವಿಲ್ಲ, ನೀರು ಮಣ್ಣಿಗೆ ಇಂಗಲಿ ಅಂತಲೇ ತೋಡಿದ್ದು.

ಗಾಳಿಯಾಡದ ತೊಟ್ಟಿಯಲ್ಲಿ ಮಲ ತಾನಾಗಿ ಕರಗುತ್ತದೆ ಎಂಬುದು ಫ್ರಾನ್ಸಿನ ಜಾನ್ ಲೂಯಿ ಮೂರಾಸ್‌ಗೆ ಗೊತ್ತಾದದ್ದು 1860ರ ಸುಮಾರಿಗೆ ಕಟ್ಟಿದ ಒಂದು ತೊಟ್ಟಿಯಿಂದ. ಹನ್ನೆರಡು ವರ್ಷದ ಮೇಲೆ ತೆರೆದು ನೋಡಿದರೆ ಗಟ್ಟಿ ಹೊಲಸು ಬಹಳ ಕಡಿಮೆ ಇತ್ತಂತೆ. 1881ರಲ್ಲಿ ಆತ ಪೇಟೆಂಟ್ ಪಡೆದ. ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ಬಂದದ್ದು 1895ರ ಹೊತ್ತಿಗೆ, ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್‌ನಿಂದ. ಬಹಳ ಕಡಿಮೆ ಎಂದರೆ ಏನೂ ಇಲ್ಲ ಎಂದಲ್ಲ. ತಳದಲ್ಲಿ ಕಪ್ಪು ರಾಡಿ ಕೂರುತ್ತಲೇ ಹೋಗುತ್ತದೆ. ಅದು ಮೇಲೇರಿದಷ್ಟೂ ನೀರು ನಿಲ್ಲಲು ಜಾಗ ಕಿರಿದಾಗಿ, ಒಂದು ದಿನ ರಾಡಿಯೇ ಹೊರಕೊಳವೆಯಲ್ಲಿ ಹೊರಡುತ್ತದೆ.

ಹಾಗಾದರೆ ಹಳೇ ಮನೆಯಲ್ಲಿ ಟ್ಯಾಂಕ್ ಹುಡುಕುವುದು ಹೇಗೆ? ಹಾರೆ ಹಿಡಿದು ಅಗೆಯಲು ಹೊರಡುವ ಮೊದಲು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ. ಅಗೆಯುವಾಗ ಚಹಾ ಮಾಡಿಕೊಟ್ಟವರಿಗೆ ಜಾಗ ನೆನಪಿರುತ್ತದೆ. ಅವರಿಲ್ಲದಿದ್ದರೆ ಸಂಡಾಸದಿಂದ ಹೊರಬೀಳುವ ಪೈಪಿನ ದಿಕ್ಕು ನೋಡಿ. ಪೈಪು ಸಾಮಾನ್ಯವಾಗಿ ನೆಟ್ಟಗೆ ಹೋಗುತ್ತದೆ, ಟ್ಯಾಂಕ್ ಬಹಳ ದೂರ ಇರುವುದಿಲ್ಲ. ಗೋಡೆಗೆ ಆತು ನಿಂತ ಗಾಳಿಕೊಳವೆ ಇದ್ದರೆ ಅರ್ಧ ಕೆಲಸ ಮುಗಿಯಿತು. ಇದ್ಯಾವುದೂ ಇಲ್ಲದಿದ್ದರೆ ಬ್ಯಾಸಗಿಗೆ ಕಾಯಿರಿ. ನಮ್ಮ ಎರೆ ಭೂಮಿ ಏಪ್ರಿಲ್ ಹೊತ್ತಿಗೆ ಕೈ ಇಳಿಯುವಷ್ಟು ಬಿರಿಯುತ್ತದಲ್ಲ, ಸೋರುವ ಟ್ಯಾಂಕಿನ ಸುತ್ತ ಮಾತ್ರ ಬಿರುಕು ಕಾಣುವುದಿಲ್ಲ, ಮಣ್ಣು ಹಸಿಯಾಗಿ ಒಂದು ಕಪ್ಪು ಪಟ್ಟೆ ಉಳಿದಿರುತ್ತದೆ. ಹಿತ್ತಲೆಲ್ಲ ಒಣಗಿ ನಿಂತಾಗ ಒಂದು ಪಪ್ಪಾಯಿ ಗಿಡವೋ ಕರಿಬೇವೋ ನೀರು ಹಾಕದೆಯೂ ಕೊಬ್ಬಿ ಬೆಳೆದಿದ್ದರೆ ಅದರ ಬುಡವನ್ನು ಅನುಮಾನಿಸಬೇಕು.

ಜಾಗದ ಸುಳಿವು ಸಿಕ್ಕ ಮೇಲೆ ಅಂಚಿನಿಂದ ನಡುವಿಗೆ, ತೆಳು ಸಲಾಕಿಯಿಂದ ಮೆಲ್ಲಗೆ ಚುಚ್ಚುತ್ತ ಹೋಗಬೇಕು. ಕಲ್ಲು ತಗುಲಿ ಟೊಳ್ಳು ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಹಾರೆಯಿಂದ ಗುದ್ದುವುದು, ಮೇಲೆ ನಿಂತು ಕುಣಿದು ನೋಡುವುದು ಬೇಡವೇ ಬೇಡ. ಇಪ್ಪತ್ತು-ಮೂವತ್ತು ವರ್ಷ ಕೆಳಗಿನಿಂದ ಹಬೆ ತಿಂದ ಪರಸಿ ಯಾವಾಗ ಮುರಿಯುತ್ತದೆಂದು ಹೇಳಲಾಗದು.

ಕಲ್ಲು ಸರಿಸಿದಾಗ ಕಂಡದ್ದನ್ನು ಓದಿಕೊಳ್ಳಬೇಕು. ನೀರು ಹೊರಕೊಳವೆಯ ಬಾಯಿಯವರೆಗೆ ನಿಂತು ಮೇಲೆ ಕೆನೆಗಟ್ಟಿದ್ದರೆ ಟ್ಯಾಂಕ್ ಗಟ್ಟಿಯಿದೆ. ನೀರು ಮೊಳ ಎರಡು ಮೊಳ ಕೆಳಗಿದ್ದು, ಗೋಡೆಯ ಮೇಲೆ ಹಳೇ ನೀರಿನ ಗುರುತಷ್ಟೇ ಇದ್ದರೆ ಎಲ್ಲೋ ಸೀಳಿದೆ. ಹೊರಕೊಳವೆಯೇ ಇಲ್ಲ, ಗಾರೆಯಿಲ್ಲದ ಕಲ್ಲು ಕಾಣುತ್ತಿವೆ ಎಂದರೆ ಅದು ಬರೀ ಗುಂಡಿ. ನಮ್ಮಲ್ಲಿ ಈ ಮೂರನೆಯದು ಅಪಾಯದ್ದು. ಎರೆಯ ಕೆಳಗೆ ಇರುವುದು ಕರಿಕಲ್ಲು. ಆ ಕಲ್ಲಿನ ಬಿರುಕಿನಲ್ಲಿ ಹರಿಯುವ ನೀರನ್ನೇ ನಮ್ಮ ಬೋರುಗಳು ಎತ್ತುವುದು. ಬಿರುಕಿಗೆ ಸೋಸುವ ಗುಣವಿಲ್ಲ. ಮನೆಯ ಗುಂಡಿಯಿಂದ ಇಳಿದದ್ದು ಮನೆಯ ಬೋರಿನಲ್ಲೇ ಮೇಲೆ ಬಂದರೆ ಅಚ್ಚರಿಯಿಲ್ಲ. ಭಾರತೀಯ ಮಾನಕ ಸಂಹಿತೆ ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ 18 ಮೀಟರ್ ಅಂತರ ಕೇಳುತ್ತದೆ. ಒತ್ತೊತ್ತಾಗಿ ಕಟ್ಟಿದ ಓಣಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಗುಂಡಿಯ ಪಕ್ಕದ ಬೋರಿನ ನೀರನ್ನು ಇದೊಂದಕ್ಕಾದರೂ ಪರೀಕ್ಷೆ ಮಾಡಿಸಿ. ಹಸುಗೂಸು ಇರುವ ಮನೆಯವರು ಮೊದಲು ಮಾಡಿಸಿ.

ಇನ್ನು ಖಾಲಿ ಮಾಡುವ ಮಾತು. ಇಲ್ಲಿ ನಮ್ಮ ಸೀಮೆಯ ಹಳೇ ತಿಳಿವಳಿಕೆಯೊಂದನ್ನು ನೆನೆಯಬೇಕು. ಜೋಳ ತುಂಬುತ್ತಿದ್ದ ಹಗೇವು ಅನೇಕರಿಗೆ ನೆನಪಿರಬಹುದು. ಸಣ್ಣ ಬಾಯಿ, ಆಳದ ಹೊಟ್ಟೆ, ಒಳಗೆಲ್ಲ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿತ್ತು, ಹುಳ ಸಾಯುತ್ತಿದ್ದುದೂ ಅದರಿಂದಲೇ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಗೆ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಆವತ್ತು ಕಾಳು ತೆಗೆಯುವಂತಿಲ್ಲ.

ಆ ಎಚ್ಚರ ಸಂಡಾಸದ ಗುಂಡಿಗೂ ಬೇಕು, ಆದರೆ ಆ ದೀಪ ಮಾತ್ರ ಇಲ್ಲಿ ತರಬಾರದು. ಸೆಪ್ಟಿಕ್ ಟ್ಯಾಂಕಿನಲ್ಲಿ ಹುಟ್ಟುವ ಮೀಥೇನ್ ಬೆಂಕಿ ಸೋಕಿದರೆ ಸಿಡಿಯುತ್ತದೆ. ಕಲ್ಲು ಸರಿಸುವವನ ಬಾಯಲ್ಲಿ ಬೀಡಿಯೂ ಇರಕೂಡದು. ಅದಕ್ಕಿಂತ ಮೋಸದ್ದು ಹೈಡ್ರೋಜನ್ ಸಲ್ಫೈಡ್. ಕೊಳೆತ ತತ್ತಿಯ ವಾಸನೆ ಇದರದೇ. ಸ್ವಲ್ಪ ಇದ್ದಾಗ ಮೂಗಿಗೆ ಬಡಿಯುತ್ತದೆ, ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಪಾಲಿನಷ್ಟಾದರೆ ಮೂಗೇ ಮರಗಟ್ಟುತ್ತದೆ. ವಾಸನೆ ಹೋಯಿತು, ಇಳಿಯಬಹುದು ಅಂತ ಅನ್ನಿಸುವುದು ಆ ಗಳಿಗೆಯಲ್ಲೇ. ತಳದಲ್ಲಿ ಸುಮ್ಮನಿದ್ದ ರಾಡಿಯನ್ನು ಕಾಲಿನಿಂದ ಕಲಕಿದರೆ ಅಡಗಿದ್ದ ಅನಿಲ ಒಮ್ಮೆಲೇ ಏಳುತ್ತದೆ. ಒಬ್ಬ ಬಿದ್ದ, ಎತ್ತಲು ಹೋದ ಇನ್ನೊಬ್ಬನೂ ಬಿದ್ದ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಬೀಳುವವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿರುವ ಸತ್ಯ. ಮನೆಯ ಯಜಮಾನ ಇಳಿಯುವುದಿಲ್ಲ, ಅವನ ಮಗನೂ ಇಳಿಯುವುದಿಲ್ಲ. ಊರಿನ ಯಾವ ಕೇರಿಗೆ ಹೋಗಿ ಯಾರನ್ನು ಕರೆಯುತ್ತಾರೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದರು. ಇಡೀ ದೇಶಕ್ಕೆ ಅನ್ವಯಿಸುವ, ಇದನ್ನು ನಿಷೇಧಿಸುವ 2013ರ ಕಾಯ್ದೆ ಆ ವರ್ಷ ಡಿಸೆಂಬರ್ 6ರಂದು ಜಾರಿಗೆ ಬಂತು. ಸುರಕ್ಷತೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ನಗರಸಭೆಗೆ ಮಾತ್ರವಲ್ಲ, ಕೂಲಿ ಕೊಟ್ಟು ಇಳಿಸಿದ ಮನೆಯವನಿಗೂ ತಗಲುತ್ತದೆ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. "ಅವರೇ ಒಪ್ಪಿ ಇಳಿದರು" ಎಂಬ ಸಮಜಾಯಿಷಿ ಕಾನೂನಿನ ಮುಂದೆ ನಡೆಯದು.

ಆದ್ದರಿಂದ ಸಕ್ಕಿಂಗ್ ಯಂತ್ರವೇ ಬರಬೇಕು. ಓಣಿ ಇಕ್ಕಟ್ಟಾಗಿದ್ದರೆ ಉದ್ದ ಪೈಪು ಹಾಕಿಸಿ. ಮಳೆಗಾಲದಲ್ಲಿ ಮಾಡಿಸಬೇಡಿ: ಎರೆ ನೀರು ಕುಡಿದು ಉಬ್ಬಿದಾಗ ಖಾಲಿ ಟ್ಯಾಂಕಿನ ಗೋಡೆ ಒಳಕ್ಕೆ ಕುಸಿಯಬಹುದು. ತಳದಲ್ಲಿ ಒಂದಿಷ್ಟು ರಾಡಿ ಉಳಿಯಲಿ, ಮುಂದೆ ಹೆಪ್ಪಾಗುವುದು ಅದೇ. ಒಳಗೆ ಹೇಗಿದೆ ಎಂದು ನೋಡಲು ಯಾರೂ ಬಗ್ಗುವುದು ಬೇಡ. ಉದ್ದನೆ ಕೋಲಿಗೆ ಬ್ಯಾಟರಿಯನ್ನೂ ಮೊಬೈಲನ್ನೂ ಕಟ್ಟಿ ಮೇಲಿನಿಂದಲೇ ವಿಡಿಯೊ ತೆಗೆಯಬಹುದು, ಅದೂ ಬಾಯಿ ತೆರೆದು ಗಾಳಿಯಾಡಿದ ಮೇಲೆ. ಆಮೇಲೆ ಹೊರಕೊಳವೆಯ ಮಟ್ಟದವರೆಗೆ ನೀರು ತುಂಬಿಸಿ ಗುರುತು ಹಾಕಿ, ಮುಚ್ಚಿ, ಒಂದು ದಿನ ಆ ಸಂಡಾಸ ಬಳಸದೆ ಬಿಡಿ. ಮರುದಿನ ನೀರು ಅಲ್ಲೇ ಇದ್ದರೆ ಟ್ಯಾಂಕ್ ಉಳಿಸಿಕೊಳ್ಳಬಹುದು. ಮೇಲಿನ ಹಳೇ ಪರಸಿ ತೆಗೆದು ಎರಡು ಬಾಯಿಯಿರುವ ಕಾಂಕ್ರೀಟ್ ಮುಚ್ಚಳ ಹಾಕಿಸಿ. ಒಳಬರುವ, ಹೊರಹೋಗುವ ಎರಡೂ ಕಡೆ ಟಿ ಪೈಪು ಕೂರಿಸಿ, ಇಲ್ಲದಿದ್ದರೆ ಕೆನೆ ನೇರವಾಗಿ ಹೊರಗೆ ಹೋಗುತ್ತದೆ. ಗಾಳಿಕೊಳವೆಯ ತುದಿಗೆ ಸೊಳ್ಳೆ ಜಾಲರಿ ಕಟ್ಟುವುದನ್ನು ಗೌಂಡಿ ಮರೆಯುತ್ತಾನೆ, ನೀವು ಮರೆಯಬೇಡಿ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಇಂಥ ಹೊಲಸು ನೀರಿನಲ್ಲೇ ಮೊಟ್ಟೆಯಿಡುವುದು, ನಮ್ಮ ವಿಜಯಪುರ ಆ ರೋಗದ ಜಿಲ್ಲೆಗಳಲ್ಲೊಂದು.

ನೀರು ಇಳಿದಿದ್ದರೆ? ಒಳಗಿನಿಂದ ಗಿಲಾಯಿ ಮಾಡಿಸಿ ಸರಿಪಡಿಸುತ್ತೇವೆ ಎನ್ನುವವರು ಸಿಗುತ್ತಾರೆ. ನನ್ನ ಸಲಹೆ ಬೇರೆ. ಅದಕ್ಕೆ ಮನುಷ್ಯ ಇಳಿಯಲೇಬೇಕು. ಅನಿಲ ಅಳೆಯುವ ಯಂತ್ರ, ಗಾಳಿ ಊದುವ ವ್ಯವಸ್ಥೆ, ಸೊಂಟಕ್ಕೆ ಪಟ್ಟಿ, ಮೇಲೆ ಎಳೆಯಲು ಜನ, ಇದೆಲ್ಲ ನಮ್ಮ ಹಳ್ಳಿಯಲ್ಲಿ ಸಿಗದು. ಹಳೆಯದನ್ನು ಖಾಲಿ ಮಾಡಿಸಿ, ಸುಣ್ಣ ಚೆಲ್ಲಿ, ಮುರಂ ತುಂಬಿ ಮುಚ್ಚುವುದೇ ವಾಸಿ. ಪಕ್ಕದಲ್ಲಿ ಹೊಸದು ಕಟ್ಟಿಸಿ. ಐದು ಮಂದಿಯ ಸಂಡಾಸಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ ಸಾಕು, ಎರಡು ವರ್ಷಕ್ಕೊಮ್ಮೆ ರಾಡಿ ತೆಗೆಸುವುದಾದರೆ. ದೊಡ್ಡ ಹೊಂಡ ತೋಡಿಸಿದರೆ ತೆಗೆಸುವುದೇ ಬೇಡ ಎಂಬ ಲೆಕ್ಕಾಚಾರ ಬಿಟ್ಟುಬಿಡಿ. ಬಚ್ಚಲು ನೀರು ಇದಕ್ಕೆ ಸೇರದಿರಲಿ, ನಿಂಬೆಗಿಡಕ್ಕೆ ಹೋಗಲಿ. ಫಿನೈಲ್, ಆಸಿಡ್ ಸುರಿದರೆ ಒಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ.

ಟ್ಯಾಂಕರ್ ಎಳೆದುಕೊಂಡು ಹೋದದ್ದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ರಾತ್ರಿ ಹಳ್ಳಕ್ಕೆ ಸುರಿದರೆ ನಮ್ಮ ಮನೆಯ ಗುಂಡಿ ಊರಿನ ಗುಂಡಿಯಾಯಿತು ಅಷ್ಟೆ. ಹಸಿ ರಾಡಿಯನ್ನು ತರಕಾರಿ ಹೊಲಕ್ಕೆ ಬಿಡುವುದೂ ತಪ್ಪು, ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ದೇವನಹಳ್ಳಿಯಲ್ಲಿ 2015ರಲ್ಲೇ ಸೆಪ್ಟಿಕ್ ಟ್ಯಾಂಕಿನ ರಾಡಿಗೆಂದು ಸಂಸ್ಕರಣಾ ಘಟಕ ಶುರುವಾಯಿತು. ರಾಡಿಯನ್ನು ಒಣಗಿಸಿ, ಊರಿನ ಹಸಿ ಕಸದ ಜೊತೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಅಂಥದ್ದೊಂದು ನಮ್ಮ ಹಳ್ಳಿಗಳ ಸಕ್ಕಿಂಗ್ ಗಾಡಿಗೂ ಎಟಕುವ ದೂರದಲ್ಲಿರಬೇಕು ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದರಲ್ಲಿ ನಾಚಿಕೆ ಏನಿದೆ?

ಹುಡುಕಿದ್ದು, ರಿಪೇರಿ ಮಾಡಿಸಿದ್ದು ಆದಮೇಲೆ ಇನ್ನೊಂದು ಕೆಲಸ. ಒಂದು ಹಾಳೆಯಲ್ಲಿ ಮನೆಯ ಎರಡು ಮೂಲೆಯಿಂದ ಟ್ಯಾಂಕಿನ ಬಾಯಿಗೆ ಎಷ್ಟೆಷ್ಟು ಅಡಿ ಎಂದು ಅಳೆದು ಬರೆಯಿರಿ. ಖಾಲಿ ಮಾಡಿಸಿದ ತಾರೀಖು ಹಾಕಿ. ಆ ಹಾಳೆಯನ್ನು ಮನೆಯ ಉತಾರದ ಜೊತೆಗೇ ಇಡಿ.