ಮನೆಯ ಫೋಟೋ, ದಾಖಲೆ ಇಡಲು ‘ನ್ಯಾಸ್’: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ ನಿಂತಿತು. ಈಗ ಜಿಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ ಅಷ್ಟೇ. ಗಲ್ಫ್‌ನಲ್ಲಿ ದುಡಿಯುವವರಿಗೆ ಇದರ ಬಿಸಿ ಸ್ವಲ್ಪ ಜಾಸ್ತಿಯೇ ತಟ್ಟಿತು. ಮಗು ಮೊದಲ ಹೆಜ್ಜೆ ಇಟ್ಟದ್ದು, ತಂಗಿಯ ಮದುವೆ, ಅಪ್ಪ ಕಳಿಸಿದ ಕಡೆಯ ವಾಯ್ಸ್ ಮೆಸೇಜ್ ಎಲ್ಲವೂ ಇರುವುದು ಕೈಯಲ್ಲಿರುವ ಫೋನಿನಲ್ಲೇ. ಅದೇ ಫೋನಿನಲ್ಲಿ ಪಾಸ್‌ಪೋರ್ಟ್ ಪ್ರತಿ, ಅಟೆಸ್ಟ್ ಮಾಡಿಸಿದ ಸರ್ಟಿಫಿಕೇಟು, ಊರಿನ ಜಾಗದ ಪಹಣಿ. ಫೋನ್ ಟ್ಯಾಕ್ಸಿಯಲ್ಲಿ ಬಿಟ್ಟುಹೋದರೆ ಎಲ್ಲಕ್ಕೂ ಎಳ್ಳುನೀರು.

ಅದಕ್ಕೇ ಈಗ ಹಲವರು ‘ನ್ಯಾಸ್’ ಕೊಳ್ಳುವ ಮಾತಾಡುತ್ತಿದ್ದಾರೆ. ನ್ಯಾಸ್ ಅಂದರೆ ಅಂಥ ದೊಡ್ಡ ಸಂಗತಿಯೇನಲ್ಲ. ಒಂದು ಪುಟ್ಟ ಕಂಪ್ಯೂಟರ್, ಒಳಗೆ ಒಂದೆರಡು ಹಾರ್ಡ್ ಡಿಸ್ಕ್, ಅಲ್ಲಿಂದ ರೂಟರ್‌ಗೆ ಒಂದು ವೈರು. ಮನೆಯ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲವೂ ಅದರಲ್ಲಿ ಫೈಲ್ ಇಡಬಹುದು, ತೆಗೆಯಬಹುದು.

ಅಂಗಡಿಗೆ ಹೋಗುವ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕು: ಪೆಟ್ಟಿಗೆ ಇರುವುದು ಇಲ್ಲೋ, ಊರಿನಲ್ಲೋ? ಬೆಡ್‌ಸ್ಪೇಸ್‌ನಲ್ಲೋ ಕಂಪನಿ ಕ್ಯಾಂಪ್‌ನಲ್ಲೋ ಇರುವವರಿಗೆ ಇಲ್ಲಿ ನ್ಯಾಸ್ ಬೇಡವೇ ಬೇಡ. ರೂಟರ್ ಇರುವುದು ಬೇರೆಯವರ ಕೋಣೆಯಲ್ಲಿ, ವೈಫೈ ಪಾಸ್‌ವರ್ಡ್ ಹತ್ತು ಜನರ ಕೈಯಲ್ಲಿ, ಕೋಣೆ ಬದಲಾಯಿಸು ಎಂದರೆ ನಾಳೆಯೇ ಗಂಟು ಕಟ್ಟಬೇಕು. ಅಂಥವರು ಎರಡು ಪೋರ್ಟೆಬಲ್ ಡಿಸ್ಕ್ ಕೊಂಡು, ಒಂದನ್ನು ಪಾಸ್‌ವರ್ಡ್ ಹಾಕಿ ತಮ್ಮ ಹತ್ತಿರ ಇಟ್ಟು, ಇನ್ನೊಂದನ್ನು ರಜೆಗೆ ಹೋದಾಗ ಊರಿನಲ್ಲಿ ಇಟ್ಟು ಬಂದರೆ ಸಾಕು. ಆದರೆ ಅಗ್ಗಕ್ಕೆ ಸಿಗುವ ‘16 ಟಿಬಿ’ ಪೆನ್ ಡ್ರೈವ್‌ಗೆ ಮರುಳಾಗಬೇಡಿ. ಒಳಗಿರುವುದು ಕೆಲವು ಜಿಬಿ ಮಾತ್ರ. ಅದು ತುಂಬಿದ ಮೇಲೆ ಹಾಕಿದ ಫೈಲ್ ಹೆಸರು ಕಾಣಿಸುತ್ತದೆ, ತೆರೆದರೆ ಏನೂ ಇರುವುದಿಲ್ಲ.

ಫ್ಯಾಮಿಲಿ ಫ್ಲ್ಯಾಟ್‌ನಲ್ಲಿ ಸ್ವಂತ ಇಂಟರ್‌ನೆಟ್ ಇರುವವರಿಗೆ, ಇಲ್ಲವೇ ಊರಿನ ಮನೆಗೆ ಫೈಬರ್ ಬಂದಿರುವವರಿಗೆ ನ್ಯಾಸ್ ಸರಿ. ಎರಡು ಡಿಸ್ಕ್ ಹಿಡಿಸುವ ರೆಡಿಮೇಡ್ ಪೆಟ್ಟಿಗೆ ಸಾಮಾನ್ಯ ಮನೆಗೆ ಧಾರಾಳ. ಸಿನಾಲಜಿ, ಕ್ಯೂನ್ಯಾಪ್, ಅಸಸ್ಟೋರ್ ಇಂಥವು ಮಾರುಕಟ್ಟೆಯಲ್ಲಿವೆ. ಫೋಟೋ ಇಡುವುದಕ್ಕೆ, ಫೋನ್ ಬ್ಯಾಕಪ್‌ಗೆ ಕೆಳದರ್ಜೆಯ ಮಾಡೆಲ್‌ನ 1 ಜಿಬಿ ರ‍್ಯಾಮ್ ಸಾಲುತ್ತದೆ. ಆದರೆ ಮುಖ ಗುರುತಿಸುವ ಕೆಲಸ ಆಮೆವೇಗದಲ್ಲಿ ನಡೆಯುತ್ತದೆ, ಅಷ್ಟೇ. ಬೇರೆ ಬೇರೆ ಪ್ರೋಗ್ರಾಂ ಹಾಕಿ ಆಡುವ ಆಸೆಯಿದ್ದರೆ 2 ಜಿಬಿಗಿಂತ ಕಡಿಮೆ ಬೇಡ. ಎಂಟು ಡಿಸ್ಕ್, ಸರ್ವರ್ ರ‍್ಯಾಮ್ ಎಂದು ಹೇಳಿ ತಲೆ ಕೆಡಿಸುವವರು ಸಿಗುತ್ತಾರೆ. ಅದು ಹವ್ಯಾಸ, ಅಗತ್ಯವಲ್ಲ.

ಹಳೇ ಡೆಸ್ಕ್‌ಟಾಪ್ ಇದೆಯಲ್ಲ, ಅದನ್ನೇ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಕರೆಂಟಿನ ಲೆಕ್ಕ ನೋಡಬೇಕು. ಎರಡು ಡಿಸ್ಕ್‌ನ ನ್ಯಾಸ್ ಸುಮಾರು 20 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಂಡರೆ ವರ್ಷಕ್ಕೆ 175 ಯೂನಿಟ್. ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ 525 ಯೂನಿಟ್. ಊರಿನ ಬಿಲ್ಲಿನಲ್ಲಿ ಈ ವ್ಯತ್ಯಾಸ ವರ್ಷವರ್ಷವೂ ಕಾಣುತ್ತದೆ. ರಾಸ್ಪ್‌ಬೆರಿ ಪೈ ಕಡಿಮೆ ಕರೆಂಟಿನದೇ, ಆದರೆ ಅದನ್ನು ರಿಪೇರಿ ಮಾಡಬಲ್ಲವನು ದುಬೈಯಲ್ಲಿದ್ದು ಪೆಟ್ಟಿಗೆ ಬೆಳ್ತಂಗಡಿಯಲ್ಲಿದ್ದರೆ ಅಮ್ಮನಿಗೆ ಫೋನಿನಲ್ಲಿ ಕಮಾಂಡ್ ಹೇಳಿಕೊಡಬೇಕಾಗುತ್ತದೆ. ಊರಿನಲ್ಲಿ ಇಡುವುದಾದರೆ ರೆಡಿಮೇಡೇ ವಾಸಿ.

ನಿಜವಾದ ದುಡ್ಡು ಹೋಗುವುದು ಡಿಸ್ಕ್‌ಗೆ, ಮೋಸ ಹೋಗುವುದೂ ಅಲ್ಲೇ. ಡಿಸ್ಕ್ ಬರೆಯುವ ವಿಧಾನದಲ್ಲಿ ಎರಡು ಬಗೆ: ಸಿಎಂಆರ್ ಮತ್ತು ಎಸ್‌ಎಂಆರ್. ಮೊದಲನೆಯದರಲ್ಲಿ ಸಾಲುಗಳು ಬೇರೆ ಬೇರೆ ಇರುತ್ತವೆ. ಎರಡನೆಯದರಲ್ಲಿ ಮನೆಯ ಹೆಂಚಿನ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ. ನಡುವಿನ ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಲ್ಲ, ಹಾಗೇ ಎಸ್‌ಎಂಆರ್‌ನಲ್ಲಿ ಒಂದು ಸಾಲು ತಿದ್ದಲು ಅಕ್ಕಪಕ್ಕದವನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕ್ ಕೆಟ್ಟು ಹೊಸದಕ್ಕೆ ಎಲ್ಲವನ್ನೂ ಮತ್ತೆ ತುಂಬಿಸುವಾಗ ಇದು ತೀರಾ ನಿಧಾನವಾಗುತ್ತದೆ, ಕೆಲವೊಮ್ಮೆ ನಡುವೆಯೇ ಕೈಕೊಡುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ‘ರೆಡ್’ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇರುವುದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗೆ ‘ರೆಡ್ ಪ್ಲಸ್’ ಎಂದು ಬೇರೆ ಹೆಸರಿಟ್ಟಿತು. ಹಾಗಾಗಿ ಕೊಳ್ಳುವಾಗ ‘ಪ್ಲಸ್’ ನೋಡಿ ಕೊಳ್ಳಿ, ಇಲ್ಲವೇ ಸೀಗೇಟ್‌ನ ಐರನ್‌ವುಲ್ಫ್ ಕೊಳ್ಳಿ, ಅದು ಸಿಎಂಆರ್.

ಇನ್ನೊಂದು ಎಚ್ಚರಿಕೆ. 2025ರ ಆರಂಭದಲ್ಲಿ ಯುರೋಪಿನಲ್ಲಿ ಬಳಸಿದ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ ಪ್ರಕರಣಗಳು ಹೊರಬಂದವು. ಬರ್ ದುಬೈನ ಕಂಪ್ಯೂಟರ್ ಬೀದಿಯಲ್ಲೋ ಕುವೈತ್‌ನ ಹವಲ್ಲಿಯಲ್ಲೋ ಕೊಂಡರೂ ಅಷ್ಟೇ, ಮನೆಗೆ ಬಂದ ಕೂಡಲೇ ಡಿಸ್ಕ್‌ನ ‘ಸ್ಮಾರ್ಟ್’ ವಿವರ ತೆರೆದು ಎಷ್ಟು ಗಂಟೆ ಓಡಿದೆ ಎಂದು ನೋಡಿಬಿಡಿ. ಹೊಸ ಡಿಸ್ಕ್‌ನಲ್ಲಿ ಸಾವಿರಗಟ್ಟಲೆ ಗಂಟೆ ಇರಲು ಸಾಧ್ಯವಿಲ್ಲ. ವಾರಂಟಿ ಊರಿನಲ್ಲಿ ನಡೆಯುತ್ತದೆಯೇ ಎಂಬುದನ್ನು ಬಿಲ್ ಮಾಡಿಸುವ ಮುಂಚೆಯೇ ಕೇಳಬೇಕು.

ಎಷ್ಟು ಟಿಬಿ ಬೇಕು? 4 ಎಂಬಿಯ ಫೋಟೋ ಆದರೆ 1 ಟಿಬಿಗೆ ಎರಡೂವರೆ ಲಕ್ಷ ಹಿಡಿಯುತ್ತದೆ. ಜಾಗ ತಿನ್ನುವುದು ವಿಡಿಯೋ: ನಿಮಿಷಕ್ಕೆ 350 ಎಂಬಿಯ 4ಕೆ ವಿಡಿಯೋ ಗಂಟೆಗೆ 21 ಜಿಬಿ. 4 ಟಿಬಿಯ ಎರಡು ಡಿಸ್ಕ್ ಹಾಕಿ ಒಂದರ ಪಡಿಯಚ್ಚು ಇನ್ನೊಂದರಲ್ಲಿ ಇರುವಂತೆ ಮಾಡಿದರೆ (ಇದಕ್ಕೆ ರೇಡ್ 1 ಎನ್ನುತ್ತಾರೆ) ಸಿಗುವುದು 8 ಅಲ್ಲ, 4 ಟಿಬಿ. ಕಂಪ್ಯೂಟರ್ ಅದನ್ನೂ 3.6 ಎಂದು ತೋರಿಸುತ್ತದೆ. ಅದು ಎಣಿಕೆಯ ವ್ಯತ್ಯಾಸ, ಅಂಗಡಿಯವನ ಮೋಸವಲ್ಲ.

ನ್ಯಾಸ್ ಅನ್ನು ವೈಫೈಗೆ ಬಿಡದೆ ವೈರಿನಲ್ಲೇ ರೂಟರ್‌ಗೆ ಸೇರಿಸಬೇಕು. ರೂಟರ್‌ನ ಪೋರ್ಟ್ ಗಿಗಾಬಿಟ್ ಆಗಿದ್ದರೆ ವೈರಿನಲ್ಲಿರುವ ಲ್ಯಾಪ್‌ಟಾಪ್‌ನಿಂದ 1 ಟಿಬಿ ತುಂಬಲು ಎರಡೂವರೆ ಗಂಟೆ. ಹಳೇ 100 ಎಂಬಿಪಿಎಸ್ ಪೋರ್ಟ್ ಆದರೆ ಒಂದು ಹಗಲು, ಒಂದು ರಾತ್ರಿ.

ಇಲ್ಲಿನ ಶತ್ರು ಬಿಸಿಲು. ಸಾಮಾನ್ಯವಾಗಿ ಇಂಥ ಪೆಟ್ಟಿಗೆಗಳಿಗೆ ಕೋಣೆಯ ಬಿಸಿ 40 ಡಿಗ್ರಿ ಮೀರಬಾರದು. 2007ರಲ್ಲಿ ಗೂಗಲ್ ಎಂಜಿನಿಯರುಗಳು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ತೆಗೆದಾಗ, ಸಾಧಾರಣ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಅಂಥ ನಂಟು ಕಾಣಲಿಲ್ಲ, ತೀರಾ ಹೆಚ್ಚಿನ ಬಿಸಿಯಲ್ಲಿ ಮಾತ್ರ ಕಂಡಿತು. ಜುಲೈ-ಆಗಸ್ಟ್‌ನಲ್ಲಿ ಎಸಿ ಆರಿಸಿ, ಕಿಟಕಿ ಮುಚ್ಚಿ ಊರಿಗೆ ಹೋಗುವವರ ಫ್ಲ್ಯಾಟ್ ಆ ‘ತೀರಾ ಹೆಚ್ಚು’ ಲೆಕ್ಕಕ್ಕೇ ಸೇರುತ್ತದೆ. ಹೋಗುವ ಮುಂಚೆ ನ್ಯಾಸ್ ಬಂದ್ ಮಾಡಿ ಪ್ಲಗ್ ಕಿತ್ತಿಡಿ.

ಊರಿನಲ್ಲಾದರೆ ಶತ್ರು ಎರಡು. ಕರೆಂಟು ಹೋಗುವುದು, ಸಿಡಿಲು. ಬರೆಯುವ ನಡುವೆ ಕರೆಂಟು ಹೋದರೆ ಫೈಲ್ ಕೆಡಬಹುದು. ಯುಎಸ್‌ಬಿ ವೈರು ಇರುವ ಚಿಕ್ಕ ಯುಪಿಎಸ್ ಹಾಕಿದರೆ ಬ್ಯಾಟರಿ ಮುಗಿಯುವ ಮುಂಚೆ ನ್ಯಾಸ್ ತಾನೇ ಬಂದ್ ಆಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಬಟನ್ ‘ಯುಪಿಎಸ್’ ಕಡೆ ಇದೆಯೇ ನೋಡಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಪೆಟ್ಟಿಗೆ ಆರಿಹೋಗಬಹುದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗಿಗೆ ಟಿವಿ ವೈರು ಕಿತ್ತಿಡುವ ಅಭ್ಯಾಸ ಇದ್ದೇ ಇದೆ. ನ್ಯಾಸ್‌ಗೂ ಅದೇ ಮರ್ಯಾದೆ. ಇಂಟರ್‌ನೆಟ್ ತಾಮ್ರದ ವೈರಿನಲ್ಲಿ ಬಂದಿದ್ದರೆ ಅದನ್ನೂ ಕೀಳಬೇಕು. ಫೈಬರ್‌ನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು.

ದೂರದಿಂದ ನೋಡಲು ಕಂಪನಿಯದೇ ಆ್ಯಪ್ ಇರುತ್ತದೆ. ಅದಕ್ಕಾಗಿ ರೂಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ವೈರಸ್, ಇಂಟರ್‌ನೆಟ್‌ಗೆ ನೇರ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲ್‌ಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತ್ತು. ಅಂಥ ಹೊತ್ತಿನಲ್ಲಿ ಎರಡನೇ ಡಿಸ್ಕ್ ಇದ್ದೂ ಉಪಯೋಗವಿಲ್ಲ, ಬೀಗವೂ ಪಡಿಯಚ್ಚಾಗುತ್ತದೆ. ತಪ್ಪಿ ಅಳಿಸಿದ ಫೋಟೋನೂ ಎರಡೂ ಕಡೆಯಿಂದ ಹೋಗುತ್ತದೆ.

ಆದ್ದರಿಂದ ಮೂರನೆಯ ಪ್ರತಿಗೆ ಒಂದು ಯುಎಸ್‌ಬಿ ಡಿಸ್ಕ್ ಬೇಕೇ ಬೇಕು. ನ್ಯಾಸ್‌ನಿಂದ ತೆಗೆದ ಡಿಸ್ಕ್ ಅನ್ನು ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಸಾಮಾನ್ಯವಾಗಿ ಏನೂ ತೆರೆಯುವುದಿಲ್ಲ, ಅದರ ಬರವಣಿಗೆ ಲಿನಕ್ಸ್‌ನದು. ದುಡಿಯುವವನಿಗೇ ಏನಾದರೂ ಆದರೆ ಮನೆಯವರು ಇನ್ಶೂರೆನ್ಸ್ ಕಾಗದ ಹುಡುಕುವುದು ಎಲ್ಲಿ? ಎಕ್ಸ್‌ಫ್ಯಾಟ್ ಮಾಡಿದ ಯುಎಸ್‌ಬಿ ಡಿಸ್ಕ್ ಯಾವ ಲ್ಯಾಪ್‌ಟಾಪ್‌ನಲ್ಲೂ ತೆರೆಯುತ್ತದೆ. ಅದು ಊರಿನ ಬೀರುವಿನಲ್ಲಿರಲಿ, ನ್ಯಾಸ್‌ನ ಪಾಸ್‌ವರ್ಡ್ ಬರೆದ ಚೀಟಿಯೂ ಜತೆಗಿರಲಿ.

ಕೆಲಸ ಮುಗಿಸಿ ಹೊರಡುವ ದಿನ ಬಂದಾಗ ಪೆಟ್ಟಿಗೆಯನ್ನು ಕಾರ್ಗೋಗೆ ಹಾಕಿದರೂ ನಡೆದೀತು, ಡಿಸ್ಕ್‌ಗಳನ್ನು ಮಾತ್ರ ಬಿಚ್ಚಿ, 1 ಮತ್ತು 2 ಎಂದು ಗುರುತು ಹಾಕಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತರಬೇಕು. ಅಡಾಪ್ಟರ್ ಮೇಲೆ 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಸೌದಿಯ 60 ಹರ್ಟ್ಸ್‌ನಿಂದ ಬಂದದ್ದೂ ಊರಿನಲ್ಲಿ ನಡೆಯುತ್ತದೆ. ಬದಲಿಸಬೇಕಾದದ್ದು ಚೌಕ ಪಿನ್ನಿನ ವೈರು ಮಾತ್ರ.