ಬೆನ್ನು ಮೆಚ್ಚುವ ಹಾಸಿಗೆ

ಗುಬ್ಬಿಯಲ್ಲಿ ಗೋಸಲ ಶ್ರೀ ಚನ್ನಬಸವೇಶ್ವರ ಸ್ವಾಮಿಯವರ ಜಾತ್ರೆ ಬಂದಿತೆಂದರೆ ಮನೆಮನೆಗೂ ನೆಂಟರಿಷ್ಟರು ಬರುತ್ತಾರೆ. ಅಟ್ಟದ ಮೇಲಿದ್ದ ಹಾಸಿಗೆಗಳೆಲ್ಲ ಕೆಳಗಿಳಿಯುತ್ತವೆ. ಪಡಸಾಲೆಯಲ್ಲಿ ಒಬ್ಬರಿಗೆ ಹತ್ತಿಯ ಹಾಸಿಗೆ, ಮತ್ತೊಬ್ಬರಿಗೆ ನಾರಿನ ಹಾಸಿಗೆ, ಮಗದೊಬ್ಬರಿಗೆ ಚಾಪೆ ಮತ್ತು ಕಂಬಳಿ. ಬೆಳಗಾದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಚಾಪೆಯ ಮೇಲೆ ಮಲಗಿದ ಹಿರಿಯರೊಬ್ಬರು ಹಗುರವಾಗಿ ಎದ್ದು ಸ್ನಾನಕ್ಕೆ ಹೊರಟಿರುತ್ತಾರೆ. ಗೇಣುದ್ದ ದಪ್ಪದ ಮೆತ್ತನೆಯ ಹಾಸಿಗೆಯಲ್ಲಿ ಮಲಗಿದವರು ಸೊಂಟ ಹಿಡಿದುಕೊಂಡು ಕುಳಿತಿರುತ್ತಾರೆ. ಅದೇ ಚಾಪೆ ಇನ್ನೊಬ್ಬರಿಗೆ ಹೆಗಲುನೋವು ತಂದಿರುತ್ತದೆ. ಹಾಗಾದರೆ ಬೆನ್ನಿಗೆ ಹಿತವಾದ ಹಾಸಿಗೆ ಯಾವುದು?

ಇದು ಕೇವಲ ಸುಖದ ಪ್ರಶ್ನೆಯಲ್ಲ. ದೇಹವನ್ನೇ ದೇಗುಲವಾಗಿ ಕಂಡ ಶರಣಪರಂಪರೆ ನಮ್ಮದು. ಇಷ್ಟಲಿಂಗ ಪೂಜೆಗೆ ಬೆನ್ನು ನೆಟ್ಟಗಿರಬೇಕು. ಕಾಯಕಕ್ಕೆ ಸೊಂಟ ಗಟ್ಟಿಯಾಗಿರಬೇಕು. ರಾತ್ರಿಯ ಏಳೆಂಟು ಗಂಟೆಗಳ ಕಾಲ ನಮ್ಮ ಬೆನ್ನುಮೂಳೆಯನ್ನು ಹೊತ್ತಿರುವ ವಸ್ತುವಿನ ಬಗ್ಗೆ ತಿಳಿದುಕೊಳ್ಳುವುದು ಭೋಗವೆನಿಸದು.

ನಮ್ಮ ಮನೆಯ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಸೊಂಟನೋವು ಕಾಣಿಸಿಕೊಂಡಿತು. ಆಗ ಅವರಿಗೆ ಅರವತ್ತೆಂಟು ವರ್ಷ. ನಾವು ಪ್ರೀತಿಯಿಂದಲೇ ಎಂಟು ಅಂಗುಲ ದಪ್ಪದ ಮೆತ್ತನೆಯ ಫೋಮ್ ಹಾಸಿಗೆಯನ್ನು ತಂದೆವು. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ, ‘ಎಷ್ಟು ಮೃದು!’ ಎಂದು ಸಂತೋಷಪಟ್ಟಿದ್ದೆವು. ಮೊದಲ ಹತ್ತು ದಿನ ಅವರೂ ಮೆಚ್ಚಿದರು. ತಿಂಗಳು ಕಳೆಯುವಷ್ಟರಲ್ಲಿ, ‘ಹಾಸಿಗೇಲಿ ಮಲಗಿದಂಗಿಲ್ಲ ಕಣಪ್ಪ, ಗುಂಡೀಲಿ ಮಲಗಿದಂಗೈತೆ’ ಎನ್ನತೊಡಗಿದರು. ಬೆಳಗಿನ ಪೂಜೆಗೆ ಕುಳಿತಾಗ ಗೋಡೆಗೆ ಒರಗದೆ ಇರಲಾಗದ ಸ್ಥಿತಿ ಬಂದಿತು. ಜೀವಮಾನವಿಡೀ ನೆಟ್ಟಗೆ ಕುಳಿತು ಲಿಂಗಪೂಜೆ ಮಾಡಿದವರಿಗೆ ಆ ಒರಗುವಿಕೆಯೇ ನೋವಿಗಿಂತ ಹೆಚ್ಚಿನ ವ್ಯಥೆಯಾಯಿತು.

ಆಗ ಬಂಧುಗಳ ಸಲಹೆಯಂತೆ ಹಲಗೆಯ ಮೇಲೆ ಒಂದು ಕಂಬಳಿ ಹಾಸಿ ಮಲಗಿಸಿದೆವು. ಸೊಂಟ ತುಸು ಸುಧಾರಿಸಿತೇನೋ ನಿಜ. ಆದರೆ ಮಗ್ಗುಲಾದಾಗ ಹೆಗಲು ಮತ್ತು ತೊಡೆಯ ಮೇಲ್ಭಾಗದ ಮೂಳೆ ಒತ್ತಿ, ರಾತ್ರಿಯೆಲ್ಲ ನಿದ್ದೆಯಿಲ್ಲ. ಕಡೆಗೆ ವೈದ್ಯರನ್ನು ಕಂಡೆವು. ಅವರು ಪರೀಕ್ಷಿಸಿ, ಭಯಪಡುವಂಥದ್ದೇನೂ ಇಲ್ಲವೆಂದರು. ದಿನವೂ ನಡೆಯಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು, ಹಾಸಿಗೆ ಅತಿ ಮೃದುವೂ ಆಗಬಾರದು, ಅತಿ ಗಡಸೂ ಆಗಬಾರದು ಎಂದರು. ಈ ಕೊನೆಯ ಮಾತಿನ ಅರ್ಥವನ್ನು ಹುಡುಕಿಕೊಂಡು ಹೋದಾಗ ನಾವು ಕಲಿತದ್ದನ್ನು ಇಲ್ಲಿ ಭಕ್ತರೊಡನೆ ಹಂಚಿಕೊಳ್ಳುತ್ತಿದ್ದೇವೆ.

ನಡುಮಾರ್ಗವೇ ಲೇಸು

ಬೆನ್ನುಮೂಳೆ ಕೋಲಿನಂತೆ ನೇರವಾಗಿಲ್ಲ. ಕುತ್ತಿಗೆಯಲ್ಲಿ ಮತ್ತು ಸೊಂಟದಲ್ಲಿ ಒಳಬಾಗು, ಎದೆಯ ಹಿಂಭಾಗದಲ್ಲಿ ಹೊರಬಾಗು ಇರುತ್ತದೆ. ಮಲಗಿದಾಗಲೂ ಈ ಸಹಜ ಬಾಗು ಉಳಿಯಬೇಕು. ಹಾಸಿಗೆ ಅತಿ ಮೃದುವಾದರೆ ದೇಹದ ಭಾರವಾದ ಭಾಗವಾದ ನಿತಂಬ ಕೆಳಗೆ ಕುಸಿದು, ಬೆನ್ನು ತೊಟ್ಟಿಲಂತೆ ಬಾಗುತ್ತದೆ. ಅತಿ ಗಡಸಾದರೆ ಹೆಗಲು ಮತ್ತು ನಿತಂಬ ಮಾತ್ರ ತಗಲಿ, ನಡುವಿನ ಸೊಂಟ ಆಸರೆಯಿಲ್ಲದೆ ತೂಗುತ್ತದೆ. ಎರಡರಲ್ಲೂ ಸ್ನಾಯುಗಳಿಗೆ ರಾತ್ರಿಯಿಡೀ ವಿಶ್ರಾಂತಿಯಿಲ್ಲ.

ಬೆನ್ನುನೋವಿಗೆ ಗಡಸು ಹಾಸಿಗೆಯೇ ಮದ್ದೆಂದು ಹಿಂದೆ ವೈದ್ಯರೂ ಹೇಳುತ್ತಿದ್ದರು. ಸ್ಪೇನ್ ದೇಶದ ವೈದ್ಯರು ಇದನ್ನು ಪರೀಕ್ಷೆಗೆ ಒಡ್ಡಿದರು. ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಡಸು ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಡಸಿನ ಹಾಸಿಗೆಯನ್ನೂ ಕೊಟ್ಟು 90 ದಿನಗಳ ಕಾಲ ಗಮನಿಸಿದರು. ಮಧ್ಯಮ ಗಡಸಿನ ಹಾಸಿಗೆಯಲ್ಲಿ ಮಲಗಿದವರಿಗೇ ನೋವೂ ಅದರಿಂದಾಗುವ ಅಡಚಣೆಯೂ ಹೆಚ್ಚು ಕಡಿಮೆಯಾಗಿತ್ತು. ಈ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪದರಗಳ ಹಾಸಿಗೆ ಎಂದರೇನು?

ಕೆಳಗೆ ಬಿಗುವು, ಮೇಲೆ ಮೃದುತ್ವ – ಇವೆರಡನ್ನೂ ಒಂದೇ ವಸ್ತುವಿನಿಂದ ಪಡೆಯುವುದು ಕಷ್ಟ. ಆದುದರಿಂದಲೇ ಪದರಗಳ ಹಾಸಿಗೆ ಬಂದಿತು. ಸಾಮಾನ್ಯವಾಗಿ ಅದರಲ್ಲಿ ಮೂರು ಪದರಗಳಿರುತ್ತವೆ.

ತಳದಲ್ಲಿ ನಾಲ್ಕೈದು ಅಂಗುಲದ ಬಿಗಿಯಾದ ಪದರ. ದೇಹದ ಭಾರವನ್ನು ಹೊರುವುದು ಇದೇ. ಗಟ್ಟಿ ಫೋಮ್, ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ ‘ಬಾಂಡೆಡ್’ ಫೋಮ್ ಅಥವಾ ರಬ್ಬರ್ ಹಾಲು ಸಿಂಪಡಿಸಿದ ತೆಂಗಿನ ನಾರು ಇಲ್ಲಿರಬಹುದು. ತೆಂಗಿನ ಸೀಮೆಯವರಾದ ನಮಗೆ ಈ ನಾರು ಹೊಸತಲ್ಲ. ಗಾಳಿಯಾಡುವ ಗುಣವೂ ಅದಕ್ಕಿದೆ.

ನಡುವೆ ಒಂದೆರಡು ಅಂಗುಲದ ಪುಟಿಯುವ ಫೋಮ್. ಮೇಲಿನ ಮೃದುತ್ವದಿಂದ ತಳದ ಗಡಸಿಗೆ ದೇಹ ಒಮ್ಮೆಲೇ ತಗಲದಂತೆ ಇದು ನೋಡಿಕೊಳ್ಳುತ್ತದೆ.

ಮೇಲೆ ಒಂದೆರಡು ಅಂಗುಲದ ಮೃದು ಪದರ. ಹೆಗಲು ಮತ್ತು ನಿತಂಬಗಳಿಗೆ ಬೇಕಾದಷ್ಟೇ ಜಾಗ ಕೊಡುವುದು ಇದರ ಕೆಲಸ. ರಬ್ಬರ್ ಹಾಲಿನ ‘ಲೇಟೆಕ್ಸ್’ ಬೇಗ ಪುಟಿದೇಳುತ್ತದೆ. ಮಗ್ಗುಲು ಬದಲಿಸುವುದು ಸುಲಭ. ‘ಮೆಮೊರಿ ಫೋಮ್’ ಎಂಬುದು 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡ ವಸ್ತು. ಅದು ಮೈಯ ಬಿಸಿಗೆ ಮೆದುವಾಗಿ ಮೈಯ ಆಕಾರವನ್ನೇ ತಾಳುತ್ತದೆ. ಆದರೆ ಬೇಸಿಗೆಯಲ್ಲಿ ಸೆಖೆ ಹಿಡಿದಿಡುತ್ತದೆ; ಈ ಪದರ ದಪ್ಪವಾದರೆ ವಯಸ್ಸಾದವರಿಗೆ ಹೊರಳಿ ಏಳುವುದು ತ್ರಾಸವಾಗುತ್ತದೆ.

ಕೊಳ್ಳುವ ಮೊದಲು ದೋಷವನ್ನು ಅರಿಯಿರಿ

ನಾವು ಮಾಡಿದ ತಪ್ಪೆಂದರೆ, ಹಳೆಯ ಹಾಸಿಗೆಯ ದೋಷವೇನೆಂದು ತಿಳಿಯದೆಯೇ ಹೊಸದನ್ನು ತಂದದ್ದು. ಖರ್ಚಿಲ್ಲದ ಎರಡು ಪರೀಕ್ಷೆಗಳು ಮನೆಯಲ್ಲಿಯೇ ಇವೆ.

ಮೊದಲನೆಯದು: ಹಾಸಿಗೆಯ ಮೇಲೆ ಅಡ್ಡಲಾಗಿ ಒಂದು ನೇರವಾದ ಅಡಿಕೆ ದಬ್ಬೆಯನ್ನಿಟ್ಟು ನೋಡಿ. ಸೊಂಟ ಇರುವ ಜಾಗದಲ್ಲಿ ದಬ್ಬೆಗೂ ಹಾಸಿಗೆಗೂ ನಡುವೆ ಒಂದೂವರೆ ಅಂಗುಲಕ್ಕಿಂತ ಹೆಚ್ಚು ಅಂತರವಿದ್ದರೆ ಹಾಸಿಗೆ ಕುಸಿದಿದೆಯೆಂದೇ ಅರ್ಥ. ಇದರ ಮೇಲೆ ಎಷ್ಟು ಬೆಲೆಯ ಮೃದು ಪದರ ಹಾಸಿದರೂ ಅದು ಅದೇ ಗುಂಡಿಯನ್ನು ಅನುಸರಿಸುತ್ತದೆ. ನವಾರದ ಮಂಚ ಸಡಿಲವಾಗಿದ್ದರೂ ಇದೇ ಗತಿ. ಮಂಚವನ್ನು ಬಿಗಿ ಮಾಡದೆ ಹಾಸಿಗೆ ಬದಲಿಸಿ ಫಲವಿಲ್ಲ.

ಎರಡನೆಯದು: ಹಾಸಿಗೆ ಗಡಸಾಯಿತೆಂಬ ಅನುಮಾನವಿದ್ದರೆ ಒಂದು ವಾರ ಅದರ ಮೇಲೆ ಎರಡು ದಪ್ಪ ಕಂಬಳಿಗಳನ್ನು ಮಡಚಿ ಹಾಸಿ ಮಲಗಿ. ಮೃದುವಾಯಿತೆಂಬ ಅನುಮಾನವಿದ್ದರೆ, ನೆಲದಿಂದ ಎದ್ದು ಕೂರಲು ಕಷ್ಟವಿಲ್ಲದವರು ಒಂದು ವಾರ ತೆಳುವಾದ ಹತ್ತಿ ಹಾಸಿಗೆಯನ್ನು ನೆಲಕ್ಕೆ ಹಾಸಿ ಮಲಗಿ. ಯಾವ ವಾರದಲ್ಲಿ ಬೆಳಗಿನ ನೋವು ತಗ್ಗಿತೋ ಅದೇ ನಿಮಗೆ ದಾರಿ ತೋರಿಸುತ್ತದೆ. ಗಡಸೇ ದೋಷವಾಗಿದ್ದರೆ, ಕುಸಿಯದ ಹಳೆಯ ಹಾಸಿಗೆಯ ಮೇಲೆ ಎರಡು ಅಂಗುಲದ ಪದರವೊಂದನ್ನು ಸೇರಿಸಿದರೆ ಸಾಕು. ಹೊಸ ಹಾಸಿಗೆಯ ಅಗತ್ಯವೇ ಬೀಳದಿರಬಹುದು.

ನಮ್ಮ ಮನೆಯಲ್ಲಿ ಆದದ್ದೂ ಹಾಗೆಯೇ. ಗಡಸೆಂದು ಅಟ್ಟ ಸೇರಿಸಿದ್ದ, ತಂದೆಯವರ ಕಾಲದ ನಾಲ್ಕು ಅಂಗುಲದ ನಾರಿನ ಹಾಸಿಗೆಯನ್ನು ಕೆಳಗಿಳಿಸಿ ದಬ್ಬೆಯಿಟ್ಟು ನೋಡಿದೆವು, ಎಲ್ಲಿಯೂ ಕುಸಿದಿರಲಿಲ್ಲ. ಅದರ ಮೇಲೆ ಎರಡು ಅಂಗುಲದ ಒಳ್ಳೆಯ ಫೋಮ್ ಹಾಸಿ, ಎರಡಕ್ಕೂ ಸೇರಿ ಒಂದು ಗವಸು ಹೊಲಿಸಿದೆವು.

ಅಂಗಡಿಯಲ್ಲಿ ನೋಡಬೇಕಾದ್ದು

ಕೈಯಿಂದ ಒತ್ತಿ ನೋಡುವುದು ಪರೀಕ್ಷೆಯಲ್ಲ. ನೀವು ದಿನವೂ ಮಲಗುವ ಭಂಗಿಯಲ್ಲಿ ಹತ್ತು–ಹದಿನೈದು ನಿಮಿಷ ಮಲಗಬೇಕು. ಇದರಲ್ಲಿ ಸಂಕೋಚ ಬೇಡ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸರಾಗವಾಗಿ ಆಚೆಗೆ ಹೋದರೆ ಹಾಸಿಗೆ ಗಡಸು. ಕೈ ತೂರದೇ ಹೋದರೆ ಅತಿ ಮೃದು. ಮೆಲ್ಲಗೆ ತಗಲುತ್ತಾ ತೂರಿದರೆ ಸರಿ. ಮಗ್ಗುಲಾಗಿ ಮಲಗಿದಾಗ ಜೊತೆಯಲ್ಲಿ ಬಂದವರು ಹಿಂದಿನಿಂದ ನೋಡಲಿ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನು, ಗಾರೆಯವರು ಹಿಡಿಯುವ ನೂಲಿನಂತೆ ನೇರವಾಗಿ ಕಾಣಬೇಕು.

ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪಬೇಕೆಂದಿಲ್ಲ. ತೂಕ ಹೆಚ್ಚಿದ್ದವರಿಗೆ ಬಿಗುವು ಹೆಚ್ಚು ಬೇಕು. ತೆಳ್ಳಗಿನವರಿಗೆ ಹಾಗೂ ಮಗ್ಗುಲಾಗಿ ಮಲಗುವವರಿಗೆ ಮೇಲಿನ ಪದರ ತುಸು ದಪ್ಪವಿರಲಿ.

ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಅಷ್ಟು ಕಿಲೋ ತೂಗುತ್ತದೆ ಎಂಬುದು ಇದರ ಅರ್ಥ. ಇದು ಗಡಸಿನ ಅಳತೆಯಲ್ಲ, ಬಾಳಿಕೆಯ ಅಳತೆ. ಸಾಂದ್ರತೆ ಕಡಿಮೆಯಿರುವ ಫೋಮ್ ಬೇಗ ಕುಸಿಯುತ್ತದೆ. ಕೊಬ್ಬರಿ, ಅಡಿಕೆ ತೂಗುವ ತಕ್ಕಡಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಬಿಡಿ ಫೋಮ್ ಹಾಳೆಯನ್ನು ಅದರಲ್ಲಿಯೇ ತೂಗಿ ನೋಡಬಹುದು. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಂಗುಲ ದಪ್ಪದ ಹಾಳೆ 32 ಡೆನ್ಸಿಟಿಯದಾದರೆ ಸುಮಾರು 2.7 ಕಿಲೋ, 40 ಡೆನ್ಸಿಟಿಯದಾದರೆ ಸುಮಾರು 3.4 ಕಿಲೋ ತೂಗಬೇಕು. ಎರಡು ಕಿಲೋ ಕೂಡ ತೂಗದಿದ್ದರೆ ಮಾತಿಗೂ ಮಾಲಿಗೂ ಹೊಂದಿಕೆಯಿಲ್ಲವೆಂದು ತಿಳಿಯಿರಿ. ಬಾಂಡೆಡ್ ಫೋಮ್ ಸಹಜವಾಗಿಯೇ ಹೆಚ್ಚು ಭಾರವಿರುವುದರಿಂದ ಅದಕ್ಕೆ ಈ ಲೆಕ್ಕ ಅನ್ವಯಿಸದು.

‘ಆರ್ಥೋಪೆಡಿಕ್’ ಎಂಬ ಚೀಟಿಯನ್ನು ಕಂಡು ಮರುಳಾಗಬೇಡಿ; ಅದು ವೈದ್ಯರು ಕೊಟ್ಟ ಪ್ರಮಾಣಪತ್ರವಲ್ಲ. ಒಳಗಿನ ಪ್ರತಿ ಪದರದ ವಸ್ತು, ದಪ್ಪ ಮತ್ತು ಡೆನ್ಸಿಟಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಕೆಲವು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸುವ ಅವಕಾಶ ಉಂಟೇ ಎಂಬುದನ್ನೂ ಕೇಳಿ.

ಮಲಗುವ ಕ್ರಮ, ಹಾಸಿಗೆಯ ಆರೈಕೆ

ಮಗ್ಗುಲಾಗಿ ಮಲಗುವವರು ಎರಡೂ ಮೊಣಕಾಲುಗಳ ನಡುವೆ ಒಂದು ದಿಂಬನ್ನೂ, ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ ಒಂದು ದಿಂಬನ್ನೂ ಇಟ್ಟುಕೊಂಡರೆ ಸೊಂಟಕ್ಕೆ ಹಿತ. ಬೋರಲು ಮಲಗುವುದನ್ನು ಬಿಡುವುದು ಒಳ್ಳೆಯದು. ಏಳುವಾಗ ನೇರವಾಗಿ ಮೇಲೇಳದೆ, ಮಗ್ಗುಲಾಗಿ ಕಾಲುಗಳನ್ನು ಕೆಳಗಿಳಿಸಿ ಕೈಯೂರಿ ಏಳಬೇಕು.

ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ನಮ್ಮ ಹಿರಿಯರ ಒಳ್ಳೆಯ ರೂಢಿ. ಆದರೆ ಫೋಮ್ ಬಿಸಿಲಿಗೆ ಹಳದಿಗಟ್ಟಿ ಪುಡಿಯಾಗುತ್ತದೆ. ಅದನ್ನು ನೆರಳಿನ ಗಾಳಿಯಲ್ಲಿ ಒರಗಿಸಿದರೆ ಸಾಕು. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ. ಮೃದು ಪದರ ಒಂದೇ ಬದಿಗೆ ಇರುವ ಹಾಸಿಗೆಯನ್ನು ಅಡಿಮೇಲು ಮಾಡಬೇಡಿ. ನೆಲದ ಮೇಲೆ ಸದಾ ಹಾಸಿಯೇ ಬಿಟ್ಟರೆ ತಳದಲ್ಲಿ ತೇವ ಸೇರಿ ಬೂಷ್ಟು ಹಿಡಿಯುತ್ತದೆ.

ಹಾಸಿಗೆ ಔಷಧವಲ್ಲ

ಎದ್ದಾಗ ನೋವಿದ್ದು, ಓಡಾಡಿದ ಅರ್ಧ ಗಂಟೆಯೊಳಗೆ ಅದು ಕರಗಿದರೆ, ಬೇರೆಡೆ ಮಲಗಿದ ದಿನ ನೋವೇ ಇಲ್ಲದಿದ್ದರೆ, ಹಾಸಿಗೆಯ ಮೇಲೆ ಅನುಮಾನಪಡಬಹುದು. ಆದರೆ ಕಾಲಿಗೆ ಜೋಮು ಅಥವಾ ನಿಶ್ಶಕ್ತಿ ಬಂದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಆರು ವಾರವಾದರೂ ನೋವು ತಗ್ಗದಿದ್ದರೆ ವೈದ್ಯರನ್ನು ಕಾಣಬೇಕು. ಮಲಮೂತ್ರಗಳ ಹತೋಟಿ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಯುವಕರಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ತಿಂಗಳುಗಟ್ಟಲೆ ಉಳಿದರೆ ಅದೂ ಪರೀಕ್ಷೆಗೆ ಅರ್ಹ. ನೋವೆಂದು ದಿನಗಟ್ಟಲೆ ಮಲಗಿಯೇ ಇರುವುದು ತರವಲ್ಲ. ಆದಷ್ಟು ಓಡಾಡುತ್ತಿರುವುದೇ ಬೆನ್ನಿಗೆ ಬಲ.

ನಮ್ಮ ತಾಯಿಯವರು ಕೆಲವು ವಾರಗಳ ಬಳಿಕ ಒಂದು ಬೆಳಿಗ್ಗೆ ಗೋಡೆಯಿಂದ ಮಣೆಯನ್ನು ಒಂದು ಮೊಳ ಈಚೆಗೆ ಎಳೆದುಕೊಂಡು ಪೂಜೆಗೆ ಕುಳಿತರು. ಹಾಸಿಗೆಯೊಂದೇ ಗುಣಪಡಿಸಿತೆಂದು ನಾವು ಹೇಳಲಾರೆವು. ನಡಿಗೆ ಮತ್ತು ವ್ಯಾಯಾಮಗಳ ಪಾಲೂ ಅದರಲ್ಲಿದೆ. ಆದರೆ ರಾತ್ರಿಯ ನಿದ್ದೆ ಮರಳಿದುದರಿಂದಲೇ ಹಗಲಿನ ನಡಿಗೆ ಅವರಿಗೆ ಸಾಧ್ಯವಾಯಿತು. ದುಬಾರಿಯ ಹಾಸಿಗೆಯ ಬದಲು ನಮ್ಮ ಮೈಗೆ ತಕ್ಕ ಹಾಸಿಗೆಯನ್ನು ಅರಿತು ಆರಿಸಿಕೊಂಡರೆ, ಬೆಳಗಿನ ಪೂಜೆಗೂ ದಿನದ ಕಾಯಕಕ್ಕೂ ಬೆನ್ನು ಒದಗಿಬರುತ್ತದೆ. ಓದುಗ ಭಕ್ತರ ಮನೆಗಳಲ್ಲಿರುವ ಹಿರಿಯರಿಗೆಲ್ಲ ಸುಖನಿದ್ರೆ ದೊರೆಯಲೆಂದು ಪ್ರಾರ್ಥಿಸುತ್ತೇವೆ.